ನೂರಕ್ಕೆ ನೂರು ವಿಲೇವಾರಿ

ವಸತಿ ಸಮುಚ್ಚಯದ ಆಫೀಸಿನಲ್ಲಿ ಕಡ್ಡಿಗೆ ಕೊಟ್ಟಿದ್ದ ಜಾಗ ಝೆರಾಕ್ಸ್ ಮೆಷಿನ್‌ಗೂ ಕಿಟಕಿಗೂ ನಡುವೆ ಇತ್ತು. ಮೆಷಿನ್ ಕೆಟ್ಟು ಎಷ್ಟೋ ಕಾಲವಾಗಿತ್ತು. ಸುಮ್ಮನೆ ಯಾಕಿರಬೇಕು ಎಂದು ಅದರ ತಲೆಯ ಮೇಲೊಂದು ಗಿಡದ ಕುಂಡ ಇಟ್ಟಿದ್ದರು. ಕಿಟಕಿಯಿಂದ ನೋಡಿದರೆ ಎದುರು ಕಟ್ಟಡದ ನೆಲಮಹಡಿಯ ಅಂಗಡಿ ಸಾಲು ಕಾಣುತ್ತಿತ್ತು. ಔಷಧಿ ಅಂಗಡಿ, ಕ್ಷೌರದ ಅಂಗಡಿ, ಆಮೇಲೆ ಷಟರ್ ಎಳೆದಿದ್ದ ಒಂದು ಅಂಗಡಿ. ಷಟರ್ ಎಳೆದಿದ್ದು ಅವಳ ದೊಡ್ಡಮ್ಮನ ಹೊಲಿಗೆ ಅಂಗಡಿ.

ಕಡ್ಡಿ ಎಂಬ ಹೆಸರೂ ದೊಡ್ಡಮ್ಮ ಇಟ್ಟದ್ದೇ. ಸಣ್ಣಗಿದ್ದಾಳೆ, ಗೀರಿದರೆ ಹೊತ್ತಿಕೊಳ್ಳುತ್ತಾಳೆ ಎಂಬ ಎರಡೂ ಅರ್ಥದಲ್ಲಿ. ತಾಯಿಯಿಲ್ಲದ ಕೂಸನ್ನು ಊರವರ ಪ್ಯಾಂಟಿನ ಅಂಚು ಮಡಿಸಿ, ರವಿಕೆಯ ತೋಳು ಬಿಚ್ಚಿ ಕೂಡಿಸಿ ಸಾಕಿದವಳು, ಕಂಪ್ಯೂಟರ್ ಓದಿಸಿದವಳು ಆ ದೊಡ್ಡಮ್ಮ. ಇಬ್ಬರೂ ಇದ್ದದ್ದು ಎದುರು ಕಟ್ಟಡದ ಏಳನೇ ಮಹಡಿಯಲ್ಲಿ. ಆ ಕಟ್ಟಡದ ಲಿಫ್ಟ್ ಚಳಿಗಾಲದಲ್ಲಿ ಕೆಟ್ಟದ್ದು ಬೇಸಿಗೆ ಬಂದರೂ ಕೆಟ್ಟೇ ಇತ್ತು. ಕಡ್ಡಿಗೇನು, ದಡದಡ ಇಳಿಯುತ್ತಿದ್ದಳು, ದಡದಡ ಹತ್ತುತ್ತಿದ್ದಳು. ದೊಡ್ಡಮ್ಮನ ಮಂಡಿ ಮಾತ್ರ ಎರಡು ಮೆಟ್ಟಿಲಿಗೇ ಕೈಮುಗಿಯುತ್ತಿತ್ತು. ಹೊಲಿಗೆ ಮೆಷಿನ್ನನ್ನೇ ಮೇಲಕ್ಕೆ ತರೋಣವೆಂದರೆ ಅದು ಕಾಲಲ್ಲಿ ತುಳಿಯುವ ಹಳೇ ಕಬ್ಬಿಣದ್ದು, ಅದಕ್ಕೂ ಲಿಫ್ಟೇ ಬೇಕು. ಹೀಗಿರುವಾಗ, ಮಳೆಗಾಲದೊಳಗೆ ಅಂಗಡಿ ತೆರೆಯದಿದ್ದರೆ ಬೇರೆಯವರಿಗೆ ಕೊಡಲಾಗುವುದು ಎಂದು ಆಫೀಸಿನಿಂದ ನೋಟೀಸು ಬಂತು. ಲಿಫ್ಟ್ ಸರಿಮಾಡಿಸದ ಆಫೀಸೂ ಇದೇ, ಅಂಗಡಿ ಯಾಕೆ ತೆರೆದಿಲ್ಲ ಎಂದು ಕೇಳಿದ ಆಫೀಸೂ ಇದೇ. ಅದರ ಮುಖಕ್ಕೆ ನಾಚಿಕೆ ಎಂಬುದನ್ನು ಯಾರೂ ಹೊಲಿದು ಕೊಟ್ಟಿರಲಿಲ್ಲ.

ರಿಪೇರಿಗೆ ಒಂದು ನಿಯಮವಿತ್ತು. ದೂರು ಬರಹದಲ್ಲಿರಬೇಕು, ಅದು ವಾರ ಮೀರಿ ಬಾಕಿ ಉಳಿದರೆ ಮಾತ್ರ ಕಂಟ್ರಾಕ್ಟರನನ್ನು ಕರೆಸಬಹುದು. ವಾರದೊಳಗೆ ಎಷ್ಟೋ ದೂರುಗಳು ತಾವೇ ಸರಿಹೋಗುತ್ತವೆ ಎಂಬುದು ನಿಯಮ ಮಾಡಿದವರ ನಂಬಿಕೆ. ಹಳೆಯ ತಗಡಿನ ಪೆಟ್ಟಿಗೆಗೆ ಹಾಕಿದ ದೂರುಗಳು, ಬೀಗದ ಕೈ ಕಳೆದುಹೋದ ಕಾರಣ, ಒಳಗೇ ಹಾಯಾಗಿದ್ದವು. ಅದಕ್ಕಾಗಿಯೇ ಸಮುಚ್ಚಯದ ನಿರ್ದೇಶಕರು ಕಡ್ಡಿಯನ್ನು ಪ್ರೊಬೇಷನ್ ಮೇಲೆ ಕೆಲಸಕ್ಕೆ ತೆಗೆದುಕೊಂಡು, ಕಂಪ್ಯೂಟರಿನಲ್ಲೊಂದು ದೂರು ಪೆಟ್ಟಿಗೆ ಮಾಡಮ್ಮಾ ಎಂದಿದ್ದರು.

ಕೆಲಸವೇನೂ ದೊಡ್ಡದಲ್ಲ. ಒಂದು ಪುಟ, ಮನೆ ನಂಬರು ಹಾಕಲು ಒಂದು ಖಾನೆ, ದೂರು ಬರೆಯಲು ಒಂದು ಖಾನೆ, ಕಳಿಸಲು ಒಂದು ಗುಂಡಿ. ಮೇಲೆ 'ಇಂದು ಬಂದದ್ದು' ಇಷ್ಟು, 'ಬಾಕಿ' ಇಷ್ಟು ಎಂಬ ಎರಡು ಅಂಕಿ. ಇದನ್ನೆಲ್ಲ ಕಡ್ಡಿ ಒಂದು ಕಂಟೇನರ್‌ನಲ್ಲಿ ನಡೆಸುತ್ತಿದ್ದಳು. ಕಂಟೇನರ್ ಎಂದರೆ ಅಪ್ಲಿಕೇಶನ್‌ಗೆ ಬೇಕಾದ ಸರಂಜಾಮನ್ನೆಲ್ಲ ತುಂಬಿ, ಉಳಿದ ಕಂಪ್ಯೂಟರಿಗೆ ಗಲೀಜಾಗದಂತೆ ಮುಚ್ಚಳ ಹಾಕಿದ ಡಬ್ಬಿ. ತಾನು ಕೋಡ್ ಬರೆಯುವ ಫೋಲ್ಡರನ್ನು ಹೊರಗಿನಿಂದ ಆ ಡಬ್ಬಿಯೊಳಕ್ಕೆ ಕಟ್ಟಿದ್ದಳು. ಇಲ್ಲಿ ಗುಂಡಿಯ ಬಣ್ಣ ಬದಲಿಸಿದರೆ ಅಲ್ಲಿ ತಕ್ಷಣ ಬದಲಾಗುತ್ತಿತ್ತು. ದೂರುಗಳು ಮಾತ್ರ ಡಬ್ಬಿಯ ಒಳಗೇ ಸೇರುತ್ತಿದ್ದವು. ಸಂಜೆ ಹಳೆ ಡಬ್ಬಿ ಬಿಸಾಡಿ ಬೆಳಿಗ್ಗೆ ಹೊಸದು ತೆರೆಯುವುದು ಅವಳ ಪದ್ಧತಿ; ಕಂಪ್ಯೂಟರ್ ಆರಿದರೂ ಡಬ್ಬಿ ತಾನೇ ಅಳಿದುಹೋಗುವಂತೆ ಇಟ್ಟಿದ್ದಳು. ಹಾಗೆ ಮಾಡಿದರೆ ಅವಳೇ ಪರೀಕ್ಷೆಗೆಂದು ಹಾಕಿದ 'ಅಆಇಈ', 'ಬೆಕ್ಕು ಕಳೆದಿದೆ' ಮುಂತಾದ ಸುಳ್ಳು ದೂರುಗಳೂ ಅದರ ಜೊತೆ ಹೋಗಿ ಎಲ್ಲ ಶುಭ್ರವಾಗುತ್ತಿತ್ತು. ನಿಜವಾದ ಜನ ಬರುವ ಮುಂಚೆ ದೂರುಗಳ ಫೋಲ್ಡರನ್ನೂ ಹೊರಗಿನಿಂದ ಕಟ್ಟಬೇಕು, ಆಗ ಡಬ್ಬಿ ಹೋದರೂ ದೂರು ಉಳಿಯುತ್ತದೆ. ಒಂದೇ ಸಾಲಿನ ಕೆಲಸ, ಆಮೇಲೆ ಹಾಕಿದರಾಯಿತು ಎಂದುಕೊಂಡಿದ್ದಳು. ಜನ ತಿಳಿಯದೆ ಬಂದಾರು ಎಂಬ ಮುಂಜಾಗ್ರತೆಗೆ ಪುಟದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ 'ಇದು ಇನ್ನೂ ಅಭಿವೃದ್ಧಿಯ ಹಂತದಲ್ಲಿದೆ' ಎಂದೂ ಬರೆದಿದ್ದಳು.

ಎಡವಟ್ಟಾದದ್ದು ಆ ಕೆಂಪು ಸಾಲಿನಿಂದಲೇ. ನಿರ್ದೇಶಕರು ಒಂದು ಮಧ್ಯಾಹ್ನ ಅವಳ ಹೆಗಲ ಹಿಂದಿನಿಂದ ಇಣುಕಿ, ಕೆಂಪು ಅಕ್ಷರವನ್ನು ಎರಡೆರಡು ಸಲ ಓದಿ ಪುಳಕಿತರಾದರು. ಅಭಿವೃದ್ಧಿ ಎಂಬ ಪದವಿಲ್ಲದೆ ಅವರು ಭಾಷಣವನ್ನಿರಲಿ, ರಜೆ ಚೀಟಿಯನ್ನೂ ಬರೆದವರಲ್ಲ.

"ಎಂಥ ಒಳ್ಳೇ ಮಾತು ಬರೆದಿದ್ದೀಯಮ್ಮಾ! ಇದನ್ನ ಇವತ್ತೇ ಜನಕ್ಕೆ ಬಿಡೋಣ."

"ಅಯ್ಯೋ, ಬೇಡ ಸರ್. ಇನ್ನೂ ಮುಗಿದಿಲ್ಲ ಅಂತ ಅದರ ಅರ್ಥ."

"ಮುಗಿಯೋಕೆ ಅಭಿವೃದ್ಧಿ ಏನು ಮದುವೆ ಊಟವೇ? ಅದು ನಿರಂತರ ನಡೀತಾ ಇರಬೇಕು."

ಸಂಜೆಯೊಳಗೆ ಎಲ್ಲ ಕಟ್ಟಡಗಳ ಬಾಗಿಲಿಗೂ ವಿಳಾಸ ಸಮೇತ ನೋಟೀಸು ಅಂಟಿತು. ಮಾರನೆಯ ದಿನ ಬೆಳಗಿನಿಂದಲೇ ದೂರುಗಳು ಸುರಿದವು. ಮೆಟ್ಟಿಲ ದೀಪ ಇಲ್ಲ, ನಲ್ಲಿ ಸೋರುತ್ತಿದೆ, ಮೇಲಿನ ಮನೆಯವರು ರಾತ್ರಿಯಿಡೀ ಕುರ್ಚಿ ಎಳೆಯುತ್ತಾರೆ. ಎಲ್ಲಕ್ಕಿಂತ ಮೊದಲನೆಯದು ಏಳನೇ ಮಹಡಿಯ ಮೂರನೇ ಮನೆಯಿಂದ: 'ಲಿಫ್ಟ್ ಕೆಟ್ಟಿದೆ. ದಯವಿಟ್ಟು ಸರಿಮಾಡಿಸಿ.' ದೊಡ್ಡಮ್ಮನ ದೂರನ್ನು ನೋಡಿ ಕಡ್ಡಿಗೆ ಎದೆ ತುಂಬಿಬಂತು. ದೂರುಗಳ ಫೋಲ್ಡರನ್ನು ಇವತ್ತು ಹೊರಗೆ ಕಟ್ಟಿಯೇ ತೀರಬೇಕು ಎಂದು ಅವಳು ಕುಳಿತಳು. ಅಷ್ಟರಲ್ಲಿ ನಿರ್ದೇಶಕರು ಕರೆದು, ಪುಟಕ್ಕೆ ತಮ್ಮ ಫೋಟೋ ಹಾಕಿಸಿದರು. ಎಡಕ್ಕೆ ಹಾಕಿ ಬಲಕ್ಕೆ ಎಂದರು, ಬಲಕ್ಕೆ ಹಾಕಿ ದೊಡ್ಡದು ಮಾಡು ಎಂದರು. ಆಫೀಸು ಮುಚ್ಚುವ ಹೊತ್ತಾಯಿತು. ಕರೆಂಟು ಉಳಿತಾಯಕ್ಕೆಂದು ದಿನಾ ಸಂಜೆ ಇಡೀ ಆಫೀಸಿನ ಮೇನ್ ಸ್ವಿಚ್ ಆರಿಸುವ ಕಾವಲುಗಾರ, ಎಲ್ಲರ ಬಾಯಲ್ಲಿ ಮೇನ್‌ಸ್ವಿಚ್ ಮಾಮ, ಕೈಯಿಟ್ಟೇ ಬಿಟ್ಟ.

"ಮಾಮ, ಒಂದು ನಿಮಿಷ!"

"ಎಲ್ರೂ ಹಂಗೇ ಅಂತಾರೆ ಕಣಮ್ಮಾ," ಎಂದ ಮಾಮ ಕತ್ತಲಿನಿಂದ.

ಬೆಳಿಗ್ಗೆ ಹೊಸ ಡಬ್ಬಿ ತೆರೆದಾಗ 'ಬಾಕಿ' ಎದುರು ಒಂದು ಸೊನ್ನೆ ದುಂಡಗೆ ಕುಳಿತಿತ್ತು. ಕಡ್ಡಿ ತಲೆ ಚಚ್ಚಿಕೊಂಡು, ಹೇಳಿಯೇ ಬಿಡೋಣವೆಂದು ಏಳುವಷ್ಟರಲ್ಲಿ ನಿರ್ದೇಶಕರೇ ಬಂದರು.

"ಏನಮ್ಮಾ, ನಿನ್ನೆ ನಲವತ್ತಕ್ಕೂ ಮೇಲಿತ್ತು. ಇವತ್ತು ಸೊನ್ನೆ?"

"ಅದೇ ಹೇಳೋಣ ಅಂತಿದ್ದೆ ಸರ್. ತಪ್ಪು ನಂದು. ದೂರೆಲ್ಲ ಡಬ್ಬಿ ಒಳಗೇ ಇತ್ತು. ಡಬ್ಬಿ ಹೋದ್ರೆ ಅದೂ ಹೋಗುತ್ತೆ. ಒಂದು ಸಾಲು ಸೇರಿಸಿದ್ರೆ ಉಳಿಯುತ್ತೆ, ಈಗಲೇ ಸೇರಿಸ್ತೀನಿ."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ದಡ್ಡರಲ್ಲ; ಅರ್ಥ ಮಾಡಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂದು ಚೆನ್ನಾಗಿ ಬಲ್ಲವರು.

"ಅಂದ್ರೆ, ಬೆಳಿಗ್ಗೆ ಬಂದದ್ದು ಸಂಜೆಗೆ ತಾನಾಗೇ ವಿಲೇವಾರಿ?"

"ವಿಲೇವಾರಿ ಅಲ್ಲ ಸರ್. ಮಾಯ ಆಗುತ್ತೆ."

"ಕಸ ವಿಲೇವಾರಿ ಮಾಡ್ತಾರಲ್ಲ, ಅದು ಆಮೇಲೆ ಎಲ್ಲೋಯ್ತು ಅಂತ ಯಾರಾದ್ರೂ ಕೇಳ್ತಾರಾ? ಮನೆ ಮುಂದೆ ಇಲ್ಲ ಅಂದ್ರೆ ಆಯ್ತು. ಚೆನ್ನಾಗಿ ನಡೀತಿರೋದಕ್ಕೆ ಕೈ ಹಾಕಬೇಡ. ನಿನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ ಅಲ್ವಾ?"

ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಕಡ್ಡಿ ಬಾಯಿ ಮುಚ್ಚಿಕೊಂಡಳು, ಮುಚ್ಚಿಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಪಟ್ಟಳು. ಬಾಯಿಮಾತಿನಲ್ಲಾದರೂ ಲಿಫ್ಟಿನ ವಿಷಯ ಎತ್ತಿ ನೋಡಿದಳು. ಬಾಯಿಮಾತಿನ ದೂರು ನಡೆಯಲ್ಲ, ಪೆಟ್ಟಿಗೆಗೆ ಹಾಕಿಸು ಎಂದರು ಅವರು.

ಅಲ್ಲಿಂದ ಮುಂದೆ ಸಮುಚ್ಚಯದಲ್ಲಿ ಸುವರ್ಣಯುಗ ಶುರುವಾಯಿತು. ದಿನಾ ಬೆಳಿಗ್ಗೆ ನಿರ್ದೇಶಕರು ಸೊನ್ನೆಯ ದರ್ಶನ ಮಾಡಿ, ಮೇಲಿನ ಮಂಡಳಿಗೆ ವರದಿ ಕಳಿಸುತ್ತಿದ್ದರು: ನೂರಕ್ಕೆ ನೂರು ವಿಲೇವಾರಿ. ಅವರ ಒಂದು ಕೋಟು ದೊಡ್ಡಮ್ಮನ ಮುಚ್ಚಿದ ಅಂಗಡಿಯೊಳಗೆ ಒಂದೇ ತೋಳು ಹೊಲಿಸಿಕೊಂಡು ನೇತಾಡುತ್ತಿತ್ತು. ಲಿಫ್ಟ್ ಕೆಡುವ ಮುಂಚೆ ಹೊಲಿಯಲು ಕೊಟ್ಟದ್ದು. ಅದಕ್ಕೆ ಅವರೂ ಒಂದು ದಿನ ಪೆಟ್ಟಿಗೆಗೆ ದೂರು ಹಾಕಿದರು. ಮಾರನೆಯ ಬೆಳಿಗ್ಗೆ ತೆರೆದು ನೋಡಿ, "ನನ್ನದೂ ವಿಲೇವಾರಿ ಆಗಿದೆ ನೋಡು," ಎಂದು ಸಂತೋಷಪಟ್ಟು, ಸ್ವಲ್ಪ ಹೊತ್ತು ಬಿಟ್ಟು, "ಕೋಟು ಮಾತ್ರ ಬಂದಿಲ್ಲ," ಎಂದರು.

ದೊಡ್ಡಮ್ಮನೂ ದಿನಾ ಬರೆಯುತ್ತಿದ್ದಳು. 'ನಿನ್ನೆ ಬರೆದದ್ದು ಮುಟ್ಟಿತೋ ಇಲ್ಲವೋ, ಮತ್ತೆ ಬರೆಯುತ್ತಿದ್ದೇನೆ.' 'ಲಿಫ್ಟಿನೊಳಗೆ ಜೇಡ ಬಲೆ ಕಟ್ಟಿದೆಯಂತೆ. ಅದಕ್ಕಾದರೂ ಬಾಡಿಗೆ ಹಾಕಿ.' 'ನನ್ನ ಮೆಷಿನ್‌ಗೆ ಎಣ್ಣೆ ಬಿಡದೆ ಎಷ್ಟು ದಿನವಾಯಿತು ಗೊತ್ತೇ? ತುಕ್ಕು ಹಿಡಿದರೆ ನಿಮ್ಮ ಕೈಯಲ್ಲೇ ತುಳಿಸುತ್ತೇನೆ.' ಕಡ್ಡಿ ಪ್ರತಿಯೊಂದನ್ನೂ ಓದುತ್ತಿದ್ದಳು. ಸಂಜೆ ತನ್ನ ಕೈಯಾರೆ ಆ ಡಬ್ಬಿಯನ್ನು ಬಿಸಾಡಿ, ಏಳು ಮಹಡಿ ಹತ್ತಿ, ಅದನ್ನು ಬರೆದವಳ ಕೈಯಡುಗೆಯನ್ನೇ ಊಟ ಮಾಡುತ್ತಿದ್ದಳು.

ಒಂದು ದಿನ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ದೊಡ್ಡಮ್ಮ ಕಿಟಕಿಯ ಬಳಿ ಕುಳಿತು ಕೆಳಗೆ ತನ್ನ ಅಂಗಡಿಯ ಮುಂದಿನ ರಸ್ತೆಯನ್ನು ನೋಡುತ್ತಿದ್ದಳು.

"ಅಂದ್ರೆ ನಾನು ಇಷ್ಟು ದಿನ ತಳ ಇಲ್ಲದ ಡಬ್ಬಿಗೆ ಹಾಕ್ತಿದ್ದೆ ಅನ್ನು."

"ತಳ ಇದೆ ದೊಡ್ಡಮ್ಮ. ಸಂಜೆ ಡಬ್ಬಿನೇ ಬಿಸಾಕ್ತೀವಿ."

"ಬಿಸಾಕೋರು ಯಾರು?"

"ನಾನೇ."

ದೊಡ್ಡಮ್ಮ ಕಿಟಕಿಯಿಂದ ಮುಖ ತಿರುಗಿಸಿ, "ಕೆಲಸ ಕಳ್ಕೋಬೇಡ. ಇಬ್ಬರೂ ಮನೇಲಿ ಕೂತ್ರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸಾಯ್ಬೇಕು," ಎಂದಳು. ಕಡ್ಡಿ ಅತ್ತಳು. ಅತ್ತದ್ದನ್ನು ನೋಡಿಯೂ ನೋಡದವಳಂತೆ ದೊಡ್ಡಮ್ಮ ಫೋನು ಎತ್ತಿಕೊಂಡು ಮಾರನೆಯ ದಿನ ಕಳಿಸುವ ದೂರು ಬರೆಯಲು ಕುಳಿತಳು.

"ಹೋಗುತ್ತೆ ಅಂತ ಗೊತ್ತಿದ್ದೂ ಯಾಕೆ ಬರೀತೀಯ?"

"ಬರೆಯೋದು ಬಿಟ್ರೆ ಲಿಫ್ಟ್ ಸರಿಯಾಗಿದೆ ಅಂತ ಅಂದ್ಕೋತಾರೆ ಕಣೇ."

ಅಷ್ಟರಲ್ಲಿ ಮೇಲಿನ ಮಂಡಳಿಯಿಂದ ಪತ್ರ ಬಂತು. ಒಂದು ದೂರೂ ಬಾಕಿಯಿಲ್ಲದ ಈ ಸಮುಚ್ಚಯಕ್ಕೆ ಮಾದರಿ ಸಮುಚ್ಚಯ ಪ್ರಶಸ್ತಿ. ಮಂಡಳಿಯ ಅಧ್ಯಕ್ಷರು ಖುದ್ದಾಗಿ ಬಂದು ಕೊಡುತ್ತಾರೆ. ಸಮಾರಂಭದಲ್ಲಿ ಅನುಕೂಲ ಪಡೆದ ನಿವಾಸಿಯೊಬ್ಬರು ಎರಡು ಮಾತಾಡಬೇಕು. ನಿರ್ದೇಶಕರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಆ ಏಳನೇ ಮಹಡಿ ಮೂರನೇ ಮನೆ ಅಮ್ಮನ್ನ ಕರೆಸೋಣ. ದಿನಾ ಮೊದಲನೇ ದೂರು ಅವರದೇ. ದಿನಾ ವಿಲೇವಾರಿ ಆಗುತ್ತೆ, ಮಾರನೇ ದಿನ ಮತ್ತೆ ಬರ್ತಾರೆ. ನಮ್ಮ ಮೇಲೆ ಎಷ್ಟು ನಂಬಿಕೆ ನೋಡು!"

"ಅವರು ನಮ್ಮ ದೊಡ್ಡಮ್ಮ ಸರ್. ಕೆಳಗೆ ಬರೋಕಾಗಲ್ಲ."

"ಯಾಕೆ?"

"ಲಿಫ್ಟ್ ಕೆಟ್ಟಿದೆ."

"ದೂರು ಕೊಡೋದಲ್ವಾ?"

"ದಿನಾ ಕೊಟ್ಟಿದ್ದಾರೆ."

"ಏನಾಯ್ತು?"

"ವಿಲೇವಾರಿ ಆಯ್ತು ಸರ್."

ನಿರ್ದೇಶಕರು ಕನ್ನಡಕ ಒರೆಸಿದರು. ಬೇರೆ ಯಾರನ್ನಾದರೂ ಕರೆಯಬಹುದಿತ್ತು, ಆದರೆ ಆ ಅಮ್ಮನ ಮನೆ ನಂಬರು ಆಗಲೇ ಮಂಡಳಿಗೆ ಹೋಗಿತ್ತು. ನಾಲ್ಕು ಜನ ಸೇರಿ ಕುರ್ಚಿಯಲ್ಲಿ ಹೊತ್ತು ತಂದರೆ ಹೇಗೆ ಎಂದು ಯೋಚಿಸಿ, ಫೋಟೋದಲ್ಲಿ ಬೇರೆ ಅರ್ಥ ಬರುತ್ತದೆ ಎಂದು ಬಿಟ್ಟರು. ಕೊನೆಗೆ ಲಿಫ್ಟ್ ಕಂಟ್ರಾಕ್ಟರನಿಗೇ ಫೋನು ಮಾಡಿದರು. ವಾರ ಮೀರಿದ ದೂರು ತೋರಿಸಿ, ಇಲ್ಲದಿದ್ದರೆ ನನ್ನ ಬಿಲ್ಲು ಪಾಸಾಗಲ್ಲ ಎಂದ ಅವನು. ನಿಯಮ ಅವನಿಗೂ ಬಾಯಿಪಾಠವಾಗಿತ್ತು.

"ಒಂದು ವಾರ ಮೀರಿದ ದೂರು ಹುಡುಕಿಕೊಡಮ್ಮಾ. ಒಂದೇ ಒಂದು ಸಾಕು."

"ಎಲ್ಲಿಂದ ತರಲಿ ಸರ್? ನಮ್ಮಲ್ಲಿ ಬಾಕಿನೇ ಇಲ್ಲವಲ್ಲ."

ಇದನ್ನು ಹೇಳುವಾಗ ಕಡ್ಡಿಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು. ನಿರ್ದೇಶಕರು ಕೋಣೆಯಲ್ಲಿ ಎರಡು ಸುತ್ತು ಹಾಕಿ, ಬಾಗಿಲು ಮುಚ್ಚಿ, ದನಿ ತಗ್ಗಿಸಿ, "ಆ ಒಂದು ಸಾಲು ಅಂದಿದ್ದೆಯಲ್ಲ, ಅದನ್ನ ಹಾಕು. ಲಿಫ್ಟ್ ಸರಿಹೋಗೋವರೆಗೂ ಮಾತ್ರ," ಎಂದರು. ಅವರು ವಾಕ್ಯ ಮುಗಿಸುವಷ್ಟರಲ್ಲಿ ಅವಳು ಹಾಕಿಯಾಗಿತ್ತು.

ಆ ವಾರ ಆಫೀಸಿನವರು ಪಟ್ಟ ಪಾಡು ಅಷ್ಟಿಷ್ಟಲ್ಲ. ದೂರುಗಳು ಸಂಜೆ ಮಲಗಿ ಬೆಳಿಗ್ಗೆ ಹಾಗೇ ಎದ್ದು ಬರುತ್ತಿದ್ದವು. ಒಮ್ಮೆ ಬರೆದದ್ದೇ ಉಳಿದದ್ದರಿಂದ ದೊಡ್ಡಮ್ಮ ಆ ವಾರ ಎರಡನೆಯದು ಬರೆಯಲಿಲ್ಲ. ನಿರ್ದೇಶಕರು ತೂಕ ಹೆಚ್ಚಿದವರು ತಕ್ಕಡಿ ನೋಡುವ ಹಾಗೆ ಪರದೆ ನೋಡಿ ಹಿಂದೆ ಸರಿಯುತ್ತಿದ್ದರು. "ನಾನು ಮೇನ್ ಆಫ್ ಮಾಡೇ ಹೋಗಿದ್ದೆ ಸರ್, ಆಣೆಗೂ," ಎಂದು ಮೇನ್‌ಸ್ವಿಚ್ ಮಾಮ ಯಾರೂ ಕೇಳದಿದ್ದರೂ ಹೇಳಿಕೊಂಡು ಓಡಾಡಿದ. ದೊಡ್ಡಮ್ಮನ ದೂರಿಗೆ ವಾರ ತುಂಬಿದ ದಿನವೇ ಮೆಕ್ಯಾನಿಕ್ ಬಂದ. ಬಾಗಿಲಿನ ಹತ್ತಿರದ ಹೆಬ್ಬೆರಳಿನಷ್ಟು ಸ್ವಿಚ್ಚೊಂದು ಸುಟ್ಟಿತ್ತು. ಬದಲಿಸಿ, ಜೇಡನ ಬಲೆ ತೆಗೆದು, ಟೀ ಕುಡಿದು ಹೋದ.

ಮಾರನೆಯ ದಿನವೇ ಸಮಾರಂಭ. ಅಂಗಡಿ ಸಾಲಿನ ಮುಂದೆ ಕುರ್ಚಿ ಹಾಕಿ, ವೇದಿಕೆಯ ಮೇಲೆ ದೊಡ್ಡ ಪರದೆಯಿಟ್ಟು, ಸೊನ್ನೆಯನ್ನು ಎಲ್ಲರಿಗೂ ತೋರಿಸುವ ಏರ್ಪಾಡಾಗಿತ್ತು. ಪರದೆಯ ಮೇಲೆ ಮುನ್ನೂರ ಹನ್ನೆರಡು ಬಾಕಿ. ನಿರ್ದೇಶಕರು ಹಳೆಯ ಬಿಗಿ ಕೋಟಿನೊಳಗೆ ಬೆವರುತ್ತ ಬಂದರು.

"ಲಿಫ್ಟ್ ಆಯ್ತಲ್ಲ, ಸಾಲು ತೆಗಿ. ಎಲ್ಲಾ ಒರೆಸಿಬಿಡು."

ಒರೆಸಬಹುದಿತ್ತು. ಒಂದು ನಿಮಿಷದ ಕೆಲಸವೂ ಅಲ್ಲ. ದೊಡ್ಡಮ್ಮನ ಲಿಫ್ಟು ಸರಿಯಾಗಿತ್ತು, ಕಡ್ಡಿಯ ಕೆಲಸ ಉಳಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಆ ಮುನ್ನೂರನ್ನೂ ಓದಿದ್ದಳು. ಕತ್ತಲ ಮೆಟ್ಟಿಲಲ್ಲಿ ಗೋಡೆ ತಡವಿಕೊಂಡು ಇಳಿಯುವವರು ಯಾರು, ನಲ್ಲಿಯ ಕೆಳಗೆ ಬಕೆಟ್ಟು ಬದಲಿಸಲು ನಿದ್ದೆಗೆಟ್ಟವರು ಯಾರು ಎಂದು ಮನೆ ನಂಬರಿನ ಸಮೇತ ಬಾಯಿಗೆ ಬಂದಿತ್ತು.

"ಆಗಲ್ಲ ಸರ್," ಎಂದು ಕಡ್ಡಿ ಕಡ್ಡಿ ಮುರಿದಂತೆ ಹೇಳಿದಳು.

"ನಿನ್ನ ಪ್ರೊಬೇಷನ್..."

"ಗೊತ್ತು ಸರ್."

ಅಧ್ಯಕ್ಷರ ಕಾರು ಬಂದ ಸದ್ದಾಯಿತು. ನಿರ್ದೇಶಕರು ಹಲ್ಲು ಕಡಿದು, 'ನೂರಕ್ಕೆ ನೂರು ವಿಲೇವಾರಿ' ಎಂದು ಬರೆಸಿದ್ದ ಬ್ಯಾನರನ್ನೇ ಪರದೆಯ ಮುಂದೆ ಕಟ್ಟಿಸಿ ಸುಧಾರಿಸಿಕೊಂಡರು.

ಎರಡು ಭಾಷಣಗಳ ನಂತರ ಲಿಫ್ಟಿನ ಬಾಗಿಲು ತೆರೆಯಿತು. ದೊಡ್ಡಮ್ಮ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಂದು ಕ್ಷಣ ನಿಂತಳು. ಕೊರಳಲ್ಲಿ ಅಳತೆ ಟೇಪು ಇತ್ತು. ಅವಳನ್ನು ನೆಲದ ಮೇಲೆ ನೋಡಿ ಕಡ್ಡಿಗೆ ಕಣ್ಣು ಮಂಜಾಯಿತು. ನಿರ್ದೇಶಕರು ಮೈಕು ಹಿಡಿದು ಓಡಿಬಂದರು.

"ಬನ್ನಿ ಅಮ್ಮ, ಬನ್ನಿ. ನಿಮ್ಮ ದೂರು ಎಷ್ಟು ಸಲ ವಿಲೇವಾರಿ ಆಯ್ತು, ನೀವೇ ಅಧ್ಯಕ್ಷರಿಗೆ ಹೇಳಿ."

ದೊಡ್ಡಮ್ಮ ಮೈಕು ತೆಗೆದುಕೊಂಡಳು.

"ವಿಲೇವಾರಿ ದಿನಾ ಆಯ್ತು ಸ್ವಾಮಿ. ರಿಪೇರಿ ನಿನ್ನೆ ಆಯ್ತು."

ಮೊದಲರ್ಧಕ್ಕೇ ಚಪ್ಪಾಳೆ ಶುರು ಮಾಡಿದ್ದ ನಿರ್ದೇಶಕರ ಕೈ ಗಾಳಿಯಲ್ಲಿ ನಿಂತಿತು. ಜನ ಗೊಳ್ಳೆಂದು ನಕ್ಕರು. ನಗು ಇಳಿಯುವ ಮುಂಚೆ ಹಿಂದಿನ ಸಾಲಿನಿಂದ ಒಬ್ಬರು, "ನಮ್ಮ ಮೆಟ್ಟಿಲ ದೀಪ?" ಎಂದರು. "ನಮ್ಮ ನಲ್ಲಿ?" ಎಂದರು ಇನ್ನೊಬ್ಬರು. ಅಧ್ಯಕ್ಷರು ಹುಬ್ಬೇರಿಸಿ, "ಎಲ್ಲಿ, ಆ ಪೆಟ್ಟಿಗೆ ನೋಡೋಣ," ಎಂದರು. ಕಡ್ಡಿ ವೇದಿಕೆ ಹತ್ತಿ ಬ್ಯಾನರಿನ ದಾರ ಬಿಚ್ಚಿದಳು.

ಅಧ್ಯಕ್ಷರು ಎಂಥೆಂಥ ಅಂಕಿಗಳನ್ನೋ ಕಂಡವರು. ಮುನ್ನೂರ ಹನ್ನೆರಡನ್ನು ನೋಡಿ ಕಣ್ಣೂ ಮಿಟುಕಿಸದೆ, ಇಷ್ಟು ದೂರು ಬಂದಿದೆಯೆಂದರೆ ಜನರಿಗೆ ನಮ್ಮ ಮೇಲೆ ಎಷ್ಟು ವಿಶ್ವಾಸ ಎಂದು ಹೇಳಿ, ಪ್ರಶಸ್ತಿಯನ್ನು ಕೊಟ್ಟೇಬಿಟ್ಟರು. ಹೊರಡುವಾಗ ಮಾತ್ರ ನಿರ್ದೇಶಕರ ಕಿವಿಯಲ್ಲಿ, "ಮುಂದಿನ ತಿಂಗಳು ಬಂದು ಇದೇ ಪಟ್ಟಿ ನೋಡ್ತೀನಿ," ಎಂದರು. ಅಷ್ಟರಲ್ಲಿ ದೊಡ್ಡಮ್ಮ ಅಲ್ಲಿರಲಿಲ್ಲ. ಹೂಗುಚ್ಛವನ್ನು ಕುರ್ಚಿಯ ಮೇಲೆ ಬಿಟ್ಟು, ಅಂಗಡಿಯ ಮುಂದೆ ನಿಂತು ಬೀಗದ ಕೈ ಹುಡುಕುತ್ತಿದ್ದಳು.

ಬೆಳಿಗ್ಗೆ ಕಡ್ಡಿ ಎಂದಿನಂತೆ ಹೊಸ ಡಬ್ಬಿ ತೆರೆದಳು. ಕೆಲಸದಿಂದ ತೆಗೆದಿರುವ ಕಾಗದ ಮೇಜಿನ ಮೇಲೆ ಕಾದಿರುತ್ತದೆ ಎಂದುಕೊಂಡೇ ಬಂದಿದ್ದಳು. ಕಾಗದ ಇರಲಿಲ್ಲ. ಮುಂದಿನ ತಿಂಗಳು ಅಧ್ಯಕ್ಷರಿಗೆ ತೋರಿಸಬೇಕಾದ ಆ ಪಟ್ಟಿಯ ತಲೆಬುಡ ತಿಳಿದವಳು ಅವಳೊಬ್ಬಳೇ ಆಗಿದ್ದಳು. ನಿರ್ದೇಶಕರು ಬಂದು, ಪರದೆಯ ಮುಂದೆ ಬಗ್ಗಿ, ಅಂಕಿಯನ್ನು ಬೆರಳಿಟ್ಟು ಓದಿ ಗಾಬರಿಯಾದರು.

"ಮುನ್ನೂರ ಹನ್ನೊಂದು? ನಿನ್ನೆ ಹನ್ನೆರಡಿತ್ತಲ್ಲಮ್ಮಾ! ಅಧ್ಯಕ್ಷರು ಕೇಳ್ತಾರೆ. ಒಂದು ಎಲ್ಲೋಯ್ತು?"

"ದೂರು ಎಲ್ಲೋಯ್ತು ಅಂತ ನೀವು ಕೇಳಿದ್ದು ಇದೇ ಮೊದಲು ಸರ್. ಲಿಫ್ಟಿಂದು ರಿಪೇರಿ ಆಯ್ತು, ತೆಗೆದೆ," ಎಂದು ಕಡ್ಡಿ ಕಿಟಕಿ ತೆರೆದಳು.

ಎದುರು ಕಟ್ಟಡದ ಮೂರನೇ ಷಟರ್ ಮೇಲಕ್ಕೆ ಹೋಗಿತ್ತು. ಬಾಗಿಲಲ್ಲಿ ಕೋಟೊಂದು ನೇತಾಡುತ್ತಿತ್ತು, ಇನ್ನೂ ಒಂದೇ ತೋಳಿನದು. ಒಳಗೆ ದೊಡ್ಡಮ್ಮ ಮೆಷಿನ್ ತುಳಿಯುತ್ತಿದ್ದ ಸದ್ದು ರಸ್ತೆ ದಾಟಿ ಅವರಿಬ್ಬರಿಗೂ ಕೇಳಿಸಿತು.